ಕಡಲಂಚಿನ ರಸ್ತೆಯೇ ಇಲ್ಲದ ಕರಾವಳಿಯಲ್ಲಿ ಕಾರು ಪ್ರವಾಸ

ಪ್ರಶ್ನೆ: ಮುಂದಿನ ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ, ಪಿಯುಸಿ ಮುಗಿಸುವ ಮಗಳು ಮತ್ತು 68 ವರ್ಷದ ಅಮ್ಮ ಯುರೋಪಿಗೆ ಹೊರಟಿದ್ದೇವೆ. ಪ್ಯಾರಿಸ್, ಸ್ವಿಟ್ಜರ್‌ಲೆಂಡ್ ಎಂದು ಬಸ್ಸಿನಲ್ಲಿ ಸುತ್ತಿಸುವ ಪ್ಯಾಕೇಜ್ ಬೇಡ. ಜನಜಂಗುಳಿ ಇಲ್ಲದ ದಕ್ಷಿಣದ ಯಾವುದಾದರೂ ಕರಾವಳಿಯಲ್ಲಿ ಎಂಟು ದಿನ ಕಾರು ಬಾಡಿಗೆಗೆ ಹಿಡಿದು ಓಡಾಡಬೇಕು, ಮರವಂತೆಯ ಹಾಗೆ ರಸ್ತೆಯ ಪಕ್ಕದಲ್ಲೇ ಸಮುದ್ರ ಇರಬೇಕು ಎಂಬ ಆಸೆ. ಒಬ್ಬ ಸ್ನೇಹಿತರು ಇಟಲಿಯ ಅಮಾಲ್ಫಿ ಅನ್ನುತ್ತಾರೆ, ಇನ್ನೊಬ್ಬರು ಪೋರ್ಚುಗಲ್‌ನ ಅಲೆಂತೇಜು ಅನ್ನುತ್ತಾರೆ. ನಾವು ಸಸ್ಯಾಹಾರಿಗಳು. ನಮಗೆ ಮೊಟ್ಟೆ ನಡೆಯುತ್ತದೆ, ಅಮ್ಮನಿಗೆ ಅದೂ ಆಗದು. ಅಮ್ಮನಿಗೆ ಮಂಡಿನೋವು ಬೇರೆ. ರಸ್ತೆಯ ಬಲಗಡೆ ಓಡಿಸಿ ನನಗೆ ರೂಢಿಯಿಲ್ಲ. ಯಾವುದನ್ನು ಆರಿಸಲಿ, ದಾರಿ ಹೇಗೆ ಹಾಕಿಕೊಳ್ಳಲಿ?
ಓದುಗರು, ಶಿವಮೊಗ್ಗ

ಉತ್ತರ:

ಅಲೆಂತೇಜುವಿಗೇ ಹೋಗಿ. ಅಮಾಲ್ಫಿ ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಸ್ಟೇರಿಂಗ್ ಹಿಡಿದವರಿಗೆ ಕಡಲು ಕಾಣುವುದಿಲ್ಲ, ಎದುರಿಗೆ ಬರುವ ಬಸ್ಸು ಕಾಣುತ್ತದೆ. ಜನ ಹೆಚ್ಚುವ ದಿನಗಳಲ್ಲಿ ಸಮ ಸಂಖ್ಯೆಯ ಗಾಡಿ ಇಂದು, ಬೆಸ ಸಂಖ್ಯೆಯದು ನಾಳೆ ಎಂಬ ನಿಯಮವನ್ನೂ ಹೇರುತ್ತಾರೆ. ಬಲಗಡೆ ಓಡಿಸುವುದನ್ನು ಹೊಸದಾಗಿ ಕಲಿಯುವವರಿಗೆ ಅದು ಜಾಗವಲ್ಲ.

ಹಾಗೆಂದು ಅಲೆಂತೇಜುವಿನಲ್ಲಿ ನಿಮ್ಮ ಮರವಂತೆ ಸಿಗುತ್ತದೆ ಅಂದುಕೊಂಡರೆ ನಿರಾಶೆ ಖಂಡಿತ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಡೀ ಪ್ರವಾಸದ ಲೆಕ್ಕ ನಿಂತಿರುವುದು ಇದರ ಮೇಲೆ. ಸೀನೆಶ್ ಪಟ್ಟಣದಿಂದ ದಕ್ಷಿಣದ ತುದಿಯ ಸಾಗ್ರೆಶ್‌ವರೆಗೆ ನೂರು ಕಿಲೋಮೀಟರಿಗೂ ಮೀರಿದ ಈ ಕರಾವಳಿಯಲ್ಲಿ ಕಡಲಂಚಿನ ಹೆದ್ದಾರಿ ಎಂಬುದೇ ಇಲ್ಲ. ಮುಖ್ಯರಸ್ತೆ ಎನ್ 120 ಕಡಲಿನಿಂದ ಸಾಕಷ್ಟು ಒಳಗೆ, ಗುಡ್ಡ, ನೀಲಗಿರಿ ತೋಪು, ಹೊಲಗಳ ನಡುವೆ ಹಾಯುತ್ತದೆ. ಅದರಿಂದ ಬಾಚಣಿಗೆಯ ಹಲ್ಲುಗಳ ಹಾಗೆ ಸಣ್ಣ ರಸ್ತೆಗಳು ಪಶ್ಚಿಮಕ್ಕೆ ಇಳಿಯುತ್ತವೆ, ಒಂದೊಂದೂ ಒಂದೊಂದು ಹಳ್ಳಿಯಲ್ಲೋ ಬೀಚಿನಲ್ಲೋ ಮುಗಿಯುತ್ತದೆ. ಮುಂದಿನ ಬೀಚಿಗೆ ಹೋಗಬೇಕಾದರೆ ಬಹಳ ಕಡೆ ಬಂದ ದಾರಿಯಲ್ಲೇ ವಾಪಸ್ ಹತ್ತಬೇಕು. ಪಕ್ಷಿ ಹಾರಿದರೆ ಐದು ಕಿಲೋಮೀಟರ್ ಇರುವ ಜಾಗಕ್ಕೆ ಕಾರು ಇಪ್ಪತ್ತು ಓಡುತ್ತದೆ.

ಈ ಕರಾವಳಿ ಇಷ್ಟು ಖಾಲಿಯಾಗಿ ಉಳಿದಿರುವುದಕ್ಕೆ ಕಾರಣವೂ ಇದೇ. ಹಿಂದೆ ಉತ್ತರ ಆಫ್ರಿಕಾದ ಕಡಲ್ಗಳ್ಳರ ಭಯವಿತ್ತು. ಓದೆಮೀರಾ, ಸೆರ್ಕಾಲ್, ಸಾಂತಿಯಾಗು ದು ಕಾಸೇಂ, ಅಲ್ಜೆಝೂರ್‌ನಂಥ ಹಳೆಯ ಊರುಗಳನ್ನು ನೋಡಿ, ಎಲ್ಲವೂ ಸಮುದ್ರಕ್ಕೆ ಬೆನ್ನು ಮಾಡಿ ಒಳನಾಡಿನಲ್ಲಿವೆ. ದಂಡೆ ಉದ್ದಕ್ಕೂ ಕಡಿದಾದ ಬಂಡೆ, ಹಡಗು ತಂಗಲು ಜಾಗ ಕಡಿಮೆ. 1988ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು, 1995ರಲ್ಲಿ ನಿಸರ್ಗ ಉದ್ಯಾನವಾಯಿತು. ಪಕ್ಕದ ಪ್ರಾಂತ್ಯವಾದ ಅಲ್ಗಾರ್ವ್‌ನ ದಕ್ಷಿಣ ದಂಡೆಯಲ್ಲಿ ಎದ್ದ ಹೋಟೆಲ್ ಗೋಡೆಗಳು ಇಲ್ಲಿ ಏಳಲಿಲ್ಲ. ಜೊತೆಗೆ ನೀರು ತಣ್ಣಗೆ. ಬೇಸಿಗೆಯಲ್ಲಿ ಬೀಸುವ ಉತ್ತರದ ಗಾಳಿಗೆ ಅಲ್ಲಿನವರು ನೊರ್ತಾದಾ ಅನ್ನುತ್ತಾರೆ. ಅದು ಮೇಲ್ಪದರದ ನೀರನ್ನು ದಂಡೆಯಿಂದ ಆಚೆಗೆ ತಳ್ಳಿದಾಗ ಆಳದ ತಣ್ಣೀರು ಮೇಲೇಳುತ್ತದೆ. ಮೀನಿಗೆ ಅದು ಹಬ್ಬ, ಈಜುವವರಿಗೆ ನಡುಕ. ಮಲ್ಪೆಯಲ್ಲಿ ಆಡಿದ ಹಾಗೆ ಮಗಳು ಗಂಟೆಗಟ್ಟಲೆ ನೀರಿನಲ್ಲಿರುತ್ತಾಳೆ ಎಂದು ಎಣಿಸಬೇಡಿ. ಮೇ ತಿಂಗಳಲ್ಲಿ ಕಾಲು ನೆನೆಸಿ ಕೂಗಿ ಹೊರಗೆ ಓಡಿ ಬರುವುದೇ ಹೆಚ್ಚು.

ಆದ್ದರಿಂದ ಇಲ್ಲಿ ದಿನಕ್ಕೊಂದು ಊರು ಬದಲಿಸುತ್ತಾ ಓಡುವ ಪ್ರವಾಸ ಒಗ್ಗುವುದಿಲ್ಲ. ಎರಡೇ ಕಡೆ ಠಿಕಾಣಿ ಹೂಡಿ: ಮೂರು ರಾತ್ರಿ ವಿಲಾ ನೋವಾ ದ ಮಿಲ್‌ಫೋಂತೆಶ್, ಮೂರು ರಾತ್ರಿ ಅಲ್ಜೆಝೂರ್. ಮೊದಲ ಮತ್ತು ಕೊನೆಯ ರಾತ್ರಿ ಲಿಸ್ಬನ್. ಪ್ರತಿದಿನ ಒಂದೋ ಎರಡೋ ಹಲ್ಲು ಇಳಿದು ಹತ್ತಿದರೆ ಸಾಕು. ಅಮ್ಮನಿಗೂ ದಿನಾ ಸೂಟ್‌ಕೇಸ್ ಕಟ್ಟುವ ಕಾಟ ತಪ್ಪುತ್ತದೆ.

ಮೇ ತಿಂಗಳು ಆರಿಸಿರುವುದು ಒಳ್ಳೆಯದಾಯಿತು. ಬಂಡೆಯ ಮೇಲೆಲ್ಲ ಹೂವಿರುತ್ತದೆ, ಕೊಕ್ಕರೆ ಗೂಡುಗಳಲ್ಲಿ ಮರಿಗಳಿರುತ್ತವೆ, ಸಂಜೆ ಎಂಟೂವರೆಯವರೆಗೆ ಬೆಳಕು. ಆಗಸ್ಟ್‌ನಲ್ಲಿ ಇಡೀ ಲಿಸ್ಬನ್ ಇಲ್ಲಿಗೆ ಬಂದಿಳಿಯುತ್ತದೆ. ಆಗ ಮೌನದ ಮಾತೇ ಇಲ್ಲ. ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ, ಅಮ್ಮನಿಗೆ ಸ್ವೆಟರ್ ಜೊತೆಗೆ ಕಿವಿ ಮುಚ್ಚುವ ಸ್ಕಾರ್ಫ್ ಇರಲಿ.

ಇನ್ನು ಕಾರು. ನಿಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಕೊಡುವುದು ನಿಮ್ಮ ಆರ್‌ಟಿಓ ಕಚೇರಿಯೇ. ಫಾರಂ 4ಎ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಕೇಳುತ್ತಾರೆ, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಆನ್‌ಲೈನಿನಲ್ಲಿ ದುಡ್ಡು ಕೊಟ್ಟರೆ ಮನೆಗೆ ಕಳಿಸುತ್ತೇವೆ ಎನ್ನುವ ಖಾಸಗಿ ಪುಸ್ತಿಕೆಗಳನ್ನು ನಂಬಬೇಡಿ, ಅವಕ್ಕೆ ಕಾನೂನಿನ ಬೆಲೆಯಿಲ್ಲ. ಮೂಲ ಲೈಸೆನ್ಸ್ ಕಾರ್ಡನ್ನೂ ಒಯ್ಯಿರಿ. ಕಾರು ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಠೇವಣಿ ಎಂದು ದೊಡ್ಡ ಮೊತ್ತವನ್ನು ಅದರಲ್ಲಿ ತಡೆಹಿಡಿಯುತ್ತಾರೆ. ಕಾರ್ಡಿನ ಮಿತಿಯನ್ನು ಹೊರಡುವ ಮುಂಚೆ ನೋಡಿಕೊಳ್ಳಿ. ಪೋರ್ಚುಗಲ್‌ನಲ್ಲಿ ಬಾಡಿಗೆ ಕಾರೆಂದರೆ ಸಾಮಾನ್ಯವಾಗಿ ಗೇರಿನ ಗಾಡಿ. ಆಟೊಮ್ಯಾಟಿಕ್‌ಗೆ ಹೆಚ್ಚು ಕೊಡಬೇಕು, ಕೊಡಿ. ಹೊಸ ಕೈಯಲ್ಲಿ ಗೇರ್ ಹುಡುಕುತ್ತಾ ವೃತ್ತ ದಾಟುವ ಪಾಡು ಬೇಡ.

ಬಲಗಡೆ ಓಡಿಸುವುದು ನೀವು ಹೆದರಿದಷ್ಟು ಕಷ್ಟವಲ್ಲ. ಹೆದ್ದಾರಿಯಲ್ಲಿ ಎಲ್ಲರ ಹಿಂದೆ ಹೋಗುತ್ತಿರುವಾಗ ತಪ್ಪು ಆಗುವುದೇ ಇಲ್ಲ. ತಪ್ಪು ಆಗುವುದು ಖಾಲಿ ರಸ್ತೆಯಲ್ಲಿ: ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಬೀಚಿನ ಪಾರ್ಕಿಂಗ್‌ನಿಂದ ಬೆಳಗಿನ ನಿದ್ದೆಗಣ್ಣಿನಲ್ಲಿ ಹೊರಡುವಾಗ ಕೈ ತಾನಾಗಿಯೇ ಎಡಕ್ಕೆ ತಿರುಗಿಸುತ್ತದೆ. ಪಕ್ಕದಲ್ಲಿ ಕೂತವರಿಗೆ ಒಂದೇ ಕೆಲಸ ಕೊಡಿ, ಪ್ರತಿ ಸಲ ಹೊರಡುವಾಗ "ಬಲಗಡೆ" ಎಂದು ಜೋರಾಗಿ ಹೇಳುವುದು. ಮಗಳು ಈ ಕೆಲಸವನ್ನು ಖುಷಿಯಿಂದ ಮಾಡುತ್ತಾಳೆ. ನಮ್ಮವರು ಮಾಡುವ ಇನ್ನೊಂದು ತಪ್ಪು, ಕಾರನ್ನು ಬಲ ಅಂಚಿಗೆ ಒತ್ತುವುದು. ಬಲ ಸೀಟಿನಲ್ಲಿ ಕೂತು ರೂಢಿಯಾದವರಿಗೆ ಗಾಡಿಯ ದೇಹ ತಮ್ಮ ಬಲಕ್ಕೆ ಎಷ್ಟು ಚಾಚಿದೆ ಎಂಬ ಅಂದಾಜು ಸಿಗುವುದಿಲ್ಲ. ಹಳ್ಳಿಗಳ ಸುಣ್ಣದ ಗೋಡೆಗಳಿಗೆ ತಾಗಿದ ಬಾಡಿಗೆ ಕಾರುಗಳ ಬಲಗನ್ನಡಿಗಳು ಇದಕ್ಕೆ ಸಾಕ್ಷಿ. ಇಂಡಿಕೇಟರ್ ಎಡಗೈಯಲ್ಲಿ, ವೈಪರ್ ಬಲಗೈಯಲ್ಲಿ. ಆದ್ದರಿಂದ ಮೊದಲ ದಿನ ಪ್ರತಿ ತಿರುವಿನಲ್ಲೂ ಒಣ ಗಾಜು ಒರೆಸುತ್ತೀರಿ, ನಕ್ಕು ಮುಂದೆ ಹೋಗಿ.

ವೃತ್ತಗಳು ತುಂಬ. ಒಳಗಿರುವ ಗಾಡಿಗೆ ದಾರಿ ಬಿಡಬೇಕು, ಅದು ನಿಮ್ಮ ಎಡದಿಂದ ಬರುತ್ತದೆ. ಊರೊಳಗೆ ವೇಗಮಿತಿ 50, ಹೊರಗಿನ ರಸ್ತೆಯಲ್ಲಿ 90, ಮೋಟಾರ್‌ವೇಯಲ್ಲಿ 120. ಬಂಕಿನಲ್ಲಿ ಗಾಸೊಲೀನಾ ಎಂದರೆ ಪೆಟ್ರೋಲ್, ಗಾಸೋಲಿಯು ಎಂದರೆ ಡೀಸೆಲ್. ಎರಡೂ ಒಂದೇ ಥರ ಕೇಳಿಸುವುದರಿಂದ ಟ್ಯಾಂಕಿನ ಮುಚ್ಚಳದ ಮೇಲಿನ ಚೀಟಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಟೋಲ್‌ಗೇಟಿನಲ್ಲಿ ಹಸಿರು ವಿ ಗುರುತಿನ ಲೇನ್ ನಮ್ಮ ಫಾಸ್ಟ್ಯಾಗ್ ಥರದ ವಿಯಾ ವೆರ್ದ್ ಪೆಟ್ಟಿಗೆ ಇರುವವರಿಗೆ ಮಾತ್ರ. ಬಾಡಿಗೆಯವರಿಂದ ಆ ಪೆಟ್ಟಿಗೆ ಪಡೆದರೆ ನಿಶ್ಚಿಂತೆ. ದಕ್ಷಿಣದ ಎ 22 ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಟೋಲ್ ಇದೆ, ಕಟ್ಟದಿದ್ದರೆ ದಂಡ ಎಂದು ಹಳೆಯ ಲೇಖನಗಳಲ್ಲಿ ಓದಿದರೆ ಮರೆತುಬಿಡಿ. 2025ರ ಜನವರಿ 1ರಿಂದ ಅದನ್ನು ತೆಗೆದುಹಾಕಿದ್ದಾರೆ.

ವಿಮಾನ ಇಳಿದ ದಿನವೇ ಕಾರು ತೆಗೆದುಕೊಳ್ಳಬೇಡಿ. ಲಿಸ್ಬನ್‌ನಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಟ್ರಾಫಿಕ್ ಇಳಿದ ಮೇಲೆ ಕಾರು ಹಿಡಿದು ಸೆತೂಬಲ್ ಕಡೆ ಹೊರಡಿ, ಸುಮಾರು 50 ಕಿಲೋಮೀಟರ್. ಅಲ್ಲಿಂದ ಕಾರಿನ ಸಮೇತ ಫೆರಿ ಹತ್ತಿ ಸಾದು ನದಿಯ ಅಳಿವೆ ದಾಟಿ ತ್ರೋಯಾ ಎಂಬ ಮರಳಿನ ನಾಲಿಗೆಯ ಮೇಲೆ ಇಳಿಯಬೇಕು. ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಹೆದ್ದಾರಿಯಲ್ಲಿ ಸುತ್ತಿಕೊಂಡೂ ಹೋಗಬಹುದು, ಆದರೆ ಈ ಅಳಿವೆಯಲ್ಲಿ ಡಾಲ್ಫಿನ್‌ಗಳ ಒಂದು ಗುಂಪು ಕಾಯಂ ಆಗಿ ವಾಸಿಸುತ್ತದೆ, ಅದೃಷ್ಟವಿದ್ದರೆ ಫೆರಿಯ ಕಟಕಟೆಯಿಂದಲೇ ಕಾಣುತ್ತವೆ. ತ್ರೋಯಾದಲ್ಲಿ ರೋಮನ್ನರ ಕಾಲದ ಮೀನು ಉಪ್ಪು ಹಾಕುವ ಕಾರ್ಖಾನೆಯ ಅವಶೇಷಗಳಿವೆ. ಸಾಲುಸಾಲು ಕಲ್ಲಿನ ತೊಟ್ಟಿಗಳು, ಆ ಸಾಮ್ರಾಜ್ಯದ ಅತಿ ದೊಡ್ಡವುಗಳಲ್ಲಿ ಒಂದು. ಇತಿಹಾಸದ ಆಸಕ್ತಿ ಇದ್ದರೆ ನಿಲ್ಲಿ.

ಮುಂದೆ ಕೊಂಪೋರ್ತಾ. ಇದು ಈಗ ಸಿರಿವಂತರ ಊರು, ಒಂದು ಕಾಫಿ ಕುಡಿದು ಮುಂದೆ ಸಾಗಿದರೆ ನಷ್ಟವಿಲ್ಲ. ಆದರೆ ಅದರ ಸುತ್ತಲಿನ ಭತ್ತದ ಗದ್ದೆಗಳನ್ನು ನೋಡದೆ ಹೋಗಬೇಡಿ. ಮೇಯಲ್ಲಿ ನೀರು ನಿಲ್ಲಿಸಿರುತ್ತಾರೆ, ನಾಟಿ ಇಲ್ಲ, ಬಿತ್ತನೆಯೇ. ಬದುವಿನ ಮೇಲೆ ಕೊಕ್ಕರೆಗಳು. ಹತ್ತಿರದ ಕರಶ್ಕೇಯ್ರಾದಲ್ಲಿ ಮೀನುಗಾರರು ಕೆಸರಿನಲ್ಲಿ ಅಂಕುಡೊಂಕು ಕಂಬ ನೆಟ್ಟು, ಕೈಗೆ ಸಿಕ್ಕ ಹಲಗೆ ಹಾಸಿ ಕಟ್ಟಿಕೊಂಡ ಉದ್ದನೆಯ ಕಾಲುಸೇತುವೆಯಿದೆ. ನೀರಿಳಿತದ ಹೊತ್ತಿಗೆ ದೋಣಿಗಳೆಲ್ಲ ಕೆಸರಿನಲ್ಲಿ ಕೂತಿರುತ್ತವೆ. ಹಲಗೆಗಳ ನಡುವೆ ಸಂದು ದೊಡ್ಡದು, ಅಮ್ಮ ದಡದಲ್ಲೇ ನಿಂತು ನೋಡುವುದು ಲೇಸು. ಸಂಜೆಯಾದರೆ ಸೊಳ್ಳೆ ಮುತ್ತುತ್ತದೆ, ಅದಕ್ಕೆ ಮುಂಚೆ ಹೊರಡಿ.

ಅಲ್ಲಿಂದ ಸೀನೆಶ್. ತೈಲ ಶುದ್ಧೀಕರಣ ಘಟಕ, ಕಂಟೇನರ್ ಬಂದರು, ಕೊಳವೆಗಳು. "ಇದಾ ನೀವು ಹೇಳಿದ ನಿಶ್ಶಬ್ದ ಕರಾವಳಿ" ಎಂದು ಮನೆಯವರು ಕೇಳುತ್ತಾರೆ. ಆದರೂ ಹಳೆಯ ಪೇಟೆಗೆ ಒಂದು ಗಂಟೆ ಕೊಡಿ. ವಾಸ್ಕೋ ಡ ಗಾಮ ಹುಟ್ಟಿದ ಊರು ಎಂದು ಹೇಳುವುದು ಇದನ್ನೇ, ಕೋಟೆಯ ಬಳಿ ಅವನ ಪ್ರತಿಮೆ ಕಡಲು ನೋಡುತ್ತಾ ನಿಂತಿದೆ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಹಡಗು ದುರಸ್ತಿಗೆ ಅವನು ತಂಗಿದ್ದು ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಉತ್ತರ ಕನ್ನಡ ಸುತ್ತಿದವರಿಗೆ ಆ ಪ್ರತಿಮೆಯ ಮುಂದೆ ನಿಂತಾಗ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತದೆ.

ಸೀನೆಶ್ ದಾಟಿ ಸಾಂವ್ ತೋರ್ಪೆಶ್‌ನಿಂದ ಪೋರ್ತು ಕೋವುವರೆಗಿನ ತುಣುಕು ಮಾತ್ರ ನಿಮ್ಮ ಮರವಂತೆ. ಬಲಕ್ಕೆ ಕಡಲು, ರಸ್ತೆಯ ಅಂಚಿನಲ್ಲೇ ಸಣ್ಣಸಣ್ಣ ಕೊಲ್ಲಿಗಳು, ನಿಲ್ಲಿಸಲು ಅಲ್ಲಲ್ಲಿ ಜಾಗ. ನಿಧಾನವಾಗಿ ಓಡಿಸಿ, ಬೇಗ ಮುಗಿದುಹೋಗುತ್ತದೆ. ಒಂದು ಕಾಲದಲ್ಲಿ ಸಾಂವ್ ತೋರ್ಪೆಶ್ ಬೀಚಿನ ನೀರು ಬೆಚ್ಚಗಿರುತ್ತಿತ್ತು, ಪಕ್ಕದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಿಸಿನೀರು ಅಲ್ಲಿಗೆ ಸೇರುತ್ತಿದ್ದುದರಿಂದ. 2021ರ ಜನವರಿಯಲ್ಲಿ ಸ್ಥಾವರ ಮುಚ್ಚಿತು, ಈಗ ಅದೂ ಉಳಿದ ಕಡಲಿನಷ್ಟೇ ತಣ್ಣಗೆ.

ಪೋರ್ತು ಕೋವು ಬಿಳಿಗೋಡೆ, ಅಂಚಿಗೆ ನೀಲಿ ಪಟ್ಟಿಯ ಪುಟ್ಟ ಊರು. ಚೌಕದ ಬೆಂಚಿನ ಮೇಲೆ ಅಮ್ಮ ಕೂರಬಹುದು, ಬಂಡೆಯಂಚಿನ ದಾರಿ ಸಮತಟ್ಟು, ಎದುರಿಗೆ ಕೋಟೆಯ ಅವಶೇಷ ಹೊತ್ತ ಪೆಸೆಗೇಯ್ರು ದ್ವೀಪ. ಬೀಚಿಗೆ ಮಾತ್ರ ಮೆಟ್ಟಿಲು ಇಳಿಯಬೇಕು. ಮಂಡಿನೋವಿನವರಿಗೆ ಈ ಕರಾವಳಿಯಲ್ಲಿ ಇದೇ ತೊಡಕು: ಕಡಲು ಕೆಳಗೆ, ಊರು ಮೇಲೆ. ನಾನು ಮಿಲ್‌ಫೋಂತೆಶ್ ಆರಿಸಲು ಹೇಳಿದ್ದು ಅದಕ್ಕೇ. ಮೀರಾ ನದಿ ಅಲ್ಲಿ ಕಡಲು ಸೇರುತ್ತದೆ, ಊರಿಗೆ ಅಂಟಿಕೊಂಡ ಫ್ರಾಂಕಿಯಾ ಬೀಚ್ ನದಿಯ ಕಡೆಗಿದೆ, ಅಲೆಯಿಲ್ಲ, ನೀರೂ ಹೊರಗಿನ ಕಡಲಿಗಿಂತ ಸ್ವಲ್ಪ ಬೆಚ್ಚಗೆ. ಸಂಜೆ ಎಲ್ಲರೂ ಕಾಲು ನೆನೆಸಲು ಅದೇ ಸರಿ.

ಈ ಸಣ್ಣ ಊರಿಗೂ ನಮಗೂ ಒಂದು ವಿಚಿತ್ರ ನಂಟಿದೆ. 1924ರಲ್ಲಿ ಪೋರ್ಚುಗೀಸ್ ವಿಮಾನಯಾನಿಗಳು ಮಕಾವುಗೆ ಹಾರಲು ಹೊರಟದ್ದು ಮಿಲ್‌ಫೋಂತೆಶ್‌ನ ಬಯಲಿನಿಂದ. ಪಾತ್ರಿಯಾ ಎಂಬ ಅವರ ವಿಮಾನ ಭಾರತದವರೆಗೆ ಬಂದು ಜೋಧಪುರದ ಕಡೆ ನೆಲಕ್ಕೆ ಬಿದ್ದು ಕೆಟ್ಟಿತು. ಇಲ್ಲೇ ಇನ್ನೊಂದು ವಿಮಾನ ಕೊಂಡು ಪ್ರಯಾಣ ಮುಂದುವರಿಸಿದರು. ಕೋಟೆಯ ಹತ್ತಿರ ಅದರ ನೆನಪಿನ ಸ್ಮಾರಕವಿದೆ.

ಮಿಲ್‌ಫೋಂತೆಶ್‌ನಲ್ಲಿದ್ದಾಗ ಒಂದು ಬೆಳಿಗ್ಗೆಯನ್ನು ಪೂರ್ತಿಯಾಗಿ ಕಾಬು ಸರ್ದಾಂವ್‌ಗೆ ಮೀಸಲಿಡಿ. ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡಿ ಎಂದರೆ ನಾನು ಇದನ್ನೇ ಹೇಳುವುದು. ಬಿಳಿ ಕೊಕ್ಕರೆ ಯುರೋಪಿನ ತುಂಬ ಇದೆ: ಚರ್ಚಿನ ಗೋಪುರ, ವಿದ್ಯುತ್ ಕಂಬ, ಹೊಗೆಗೂಡು, ಎಲ್ಲಿ ಬೇಕಾದರೂ ಗೂಡು ಕಟ್ಟುತ್ತದೆ. ಕಡಲಿನ ಬಂಡೆಯ ಮೇಲೆ ಕಟ್ಟುವುದು ಮಾತ್ರ ಈ ಕರಾವಳಿಯಲ್ಲಿ. ದೀಪಸ್ತಂಭದ ಪಕ್ಕ ಕಾರು ನಿಲ್ಲಿಸಿದರೆ ಬಂಡೆಯಂಚಿನವರೆಗೆ ಸಮತಟ್ಟಾದ ಮಣ್ಣಿನ ದಾರಿ, ಅಮ್ಮನಿಗೂ ನಡೆಯಬಹುದು. ಕೆಳಗೆ ದಂಡೆಯಿಂದ ಬೇರ್ಪಟ್ಟು ನೀರಿನಲ್ಲಿ ನಿಂತ ಕಪ್ಪು ಕಲ್ಲಿನ ಕಂಬಗಳ ತುದಿಯಲ್ಲಿ ಕಡ್ಡಿಯ ರಾಶಿ, ಅದರ ಮೇಲೆ ಎರಡೋ ಮೂರೋ ಮರಿ. ನೀವು ನಿಂತಿರುವುದು ಗೂಡಿಗಿಂತ ಎತ್ತರದಲ್ಲಾದ್ದರಿಂದ ಒಳಗಿನದೆಲ್ಲ ಕಾಣುತ್ತದೆ. ತಾಯಿಯೋ ತಂದೆಯೋ ಒಳನಾಡಿನ ಹೊಲದಿಂದ ಹೊಟ್ಟೆ ತುಂಬಿಕೊಂಡು ಬಂದು, ಗಾಳಿಗೆ ಎದುರಾಗಿ ಒಂದು ಕ್ಷಣ ತೂಗಿ, ಕಾಲು ಮುಂದೆ ಚಾಚಿ ಇಳಿಯುತ್ತದೆ. ಇಳಿದೊಡನೆ ಇಬ್ಬರೂ ಕತ್ತು ಹಿಂದಕ್ಕೆ ಬಾಗಿಸಿ ಕೊಕ್ಕು ಪಟಪಟನೆ ಬಡಿಯುತ್ತಾರೆ. ಅಲೆಯ ಸದ್ದಿನ ನಡುವೆಯೂ ಅದು ಕೇಳುತ್ತದೆ. ಬೈನಾಕ್ಯುಲರ್ ಒಯ್ಯಿರಿ, ಡ್ರೋನ್ ಹಾರಿಸಬೇಡಿ.

ಅಂಚಿನಿಂದ ಎರಡು ಮಾರು ಹಿಂದೆ ನಿಲ್ಲುವುದನ್ನು ಮಗಳಿಗೆ ಹೇಳಿಕೊಡಿ. ಇಲ್ಲಿನ ಬಂಡೆ ಪದರಪದರವಾಗಿ ಕಳಚುತ್ತದೆ, ಎಷ್ಟೋ ಕಡೆ ಕಟಾಂಜನವಿಲ್ಲ. ಕೋಲು ಹಿಡಿದು ತುದಿಯಲ್ಲೇ ಕೂತ ಗಾಳದವರನ್ನು ನೋಡಿ ನೀವೂ ಹೋಗಬೇಡಿ. ಬೀಚಿನಲ್ಲಿ ಬಂಡೆಯ ನೆರಳಿಗೆ ಒರಗಿ ಕೂರುವುದೂ ಬೇಡ. ದಕ್ಷಿಣದ ಅಲ್ಬುಫೇಯ್ರಾ ಬಳಿ 2009ರ ಆಗಸ್ಟ್‌ನಲ್ಲಿ ಹಾಗೆ ಕೂತಿದ್ದವರ ಮೇಲೆ ಬಂಡೆ ಕುಸಿದು ಐದು ಜನ ಸತ್ತರು. ಜೀವರಕ್ಷಕರಿರುವ ಬೀಚಿನಲ್ಲಿ ಕೆಂಪು ಬಾವುಟ ಇದ್ದರೆ ನೀರಿಗಿಳಿಯುವಂತಿಲ್ಲ, ಹಳದಿ ಇದ್ದರೆ ಈಜುವಂತಿಲ್ಲ. ಮೇ ತಿಂಗಳಲ್ಲಿ ಬಹಳಷ್ಟು ಬೀಚುಗಳಿಗೆ ಜೀವರಕ್ಷಕರು ಇನ್ನೂ ಬಂದಿರುವುದಿಲ್ಲ, ಹಾಗಾಗಿ ಬಾವುಟ ಕಾಣದಿದ್ದರೆ ಮೊಣಕಾಲಿನಿಂದ ಆಚೆಗೆ ಹೋಗದಿರುವುದೇ ಕ್ಷೇಮ.

ಊಟದ ವಿಷಯಕ್ಕೆ ಬರೋಣ, ನಿಮ್ಮ ನಿಜವಾದ ಚಿಂತೆ ಅದೇ ಎಂದು ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಅಲೆಂತೇಜು ಹಂದಿಮಾಂಸ ಮತ್ತು ಮೀನಿನ ನಾಡು. "ಸೇಂ ಕಾರ್ನ್, ಸೇಂ ಪೇಯ್ಶ್" ಎಂದರೆ ಮಾಂಸವಿಲ್ಲದೆ, ಮೀನಿಲ್ಲದೆ. ಅಷ್ಟು ಹೇಳಿದರೂ ಸೂಪಿನಲ್ಲಿ ಸಾಸೇಜಿನ ಒಂದು ಬಿಲ್ಲೆ ತೇಲಬಹುದು, ಅದನ್ನು ಮಾಂಸವೆಂದು ಎಣಿಸದವರು ಇನ್ನೂ ಇದ್ದಾರೆ. "ಸೇಂ ಶೋರೀಸು" ಎಂದು ಸೇರಿಸಿ. ಈ ಪ್ರದೇಶದ್ದೇ ಆದ ಅಸೋರ್ದಾ ಎಂಬ ತಿನಿಸು ನಿಮಗೆ ಹಿಡಿಸಬಹುದು: ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಉಪ್ಪು ಜಜ್ಜಿ ಆಲಿವ್ ಎಣ್ಣೆಯಲ್ಲಿ ಕಲಸಿ, ಮೇಲೆ ಕುದಿನೀರು ಸುರಿದು, ಹಳೆಯ ರೊಟ್ಟಿಯ ತುಂಡು ಮುಳುಗಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಕೆಲವೆಡೆ ಒಣಮೀನು ಬೇಯಿಸಿದ ನೀರನ್ನೇ ಬಳಸುತ್ತಾರೆ. ಕೇಳಿಕೊಂಡೇ ಹೇಳಿ. ಅಷ್ಟೊಂದು ಕೊತ್ತಂಬರಿ ಯುರೋಪಿನ ಬೇರೆ ಅಡುಗೆಯಲ್ಲಿ ಸಿಗುವುದು ಅಪರೂಪ. ಚೀಸ್ ತಿನ್ನುವವರಾದರೆ ಸೆತೂಬಲ್ ಹತ್ತಿರದ ಅಝೇಯ್ತಾಂವ್ ಕುರಿಹಾಲಿನ ಚೀಸ್ ನೋಡಿ. ಅದನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದ ರೆನೆಟ್‌ನಿಂದಲ್ಲ, ಮುಳ್ಳುಗಿಡವೊಂದರ ಹೂವಿನಿಂದ. ಚೀಸ್ ಮುಟ್ಟಲು ಹಿಂಜರಿಯುವ ಅಮ್ಮಂದಿರಿಗೆ ಇದನ್ನು ಧೈರ್ಯವಾಗಿ ಕೊಡಬಹುದು.

ಹೋಟೆಲಿನಲ್ಲಿ ಕೂತೊಡನೆ ಕೇಳದೆಯೇ ರೊಟ್ಟಿ, ಆಲಿವ್, ಚೀಸ್ ತಂದಿಡುತ್ತಾರೆ. ಅದು ಉಚಿತವಲ್ಲ. ಬೇಡವಾದರೆ ಮುಟ್ಟದೆ ವಾಪಸ್ ಕೊಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆದರೂ ಮೂರು ಹೊತ್ತೂ ಹೊರಗೆ ನಂಬಬೇಡಿ. ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಒಲೆ ಇಂಡಕ್ಷನ್ ಆಗಿದ್ದರೆ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಕೂರುವುದಿಲ್ಲ, ಸ್ಟೀಲ್ ತಳದ ಮೂರು ಲೀಟರಿನದು ಒಯ್ಯಿರಿ. ಅಕ್ಕಿ, ಬೇಳೆ ಶಿವಮೊಗ್ಗದಿಂದ ಹೊರುವುದು ಬೇಡ. ಓದೆಮೀರಾ ಎಂಬ, ನಮ್ಮ ತಾಲ್ಲೂಕಿನಂಥ ಆಡಳಿತ ವಿಭಾಗದ ಸಾಂವ್ ತೆಯೊತೋನಿಯು ಎಂಬ ಊರಿನಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶದ ಸಾವಿರಾರು ಜನ ಇದ್ದಾರೆ. ಸುತ್ತ ಕಾಣುವ ಬಿಳಿ ಪ್ಲಾಸ್ಟಿಕ್ ಪಾಲಿಹೌಸ್‌ಗಳಲ್ಲಿ ರಾಸ್ಪ್‌ಬೆರ್ರಿ ಕೀಳುವವರು ಅವರೇ. ಅಂಗಡಿಯಲ್ಲಿ ತೊಗರಿಬೇಳೆ, ಅರಿಸಿನ, ಹಸಿಮೆಣಸು ಸಿಗುತ್ತವೆ, ಪಂಜಾಬಿ ಊಟವೂ ಸಿಗುತ್ತದೆ. ಪ್ರವಾಸದ ಚಿತ್ರಗಳಲ್ಲಿ ಈ ಪಾಲಿಹೌಸ್‌ಗಳು ಬರುವುದಿಲ್ಲ. ನಿಸರ್ಗ ಉದ್ಯಾನದ ಗಡಿಯೊಳಗೇ ಅವು ಹಬ್ಬಿವೆ, ಸಾಂತಾ ಕ್ಲಾರಾ ಅಣೆಕಟ್ಟಿನ ನೀರು ಕುಡಿಯುತ್ತವೆ, ಬರ ಬಂದಾಗ ಜಗಳವೂ ಬರುತ್ತದೆ. ಕೂಲಿಗಳ ವಸತಿಯ ದುಃಸ್ಥಿತಿ 2021ರಲ್ಲಿ ಕೋವಿಡ್‌ಗಾಗಿ ಇಲ್ಲಿನ ಎರಡು ಗ್ರಾಮಗಳಿಗೆ ದಿಗ್ಬಂಧನ ಹಾಕಿದಾಗ ಇಡೀ ದೇಶಕ್ಕೆ ಗೊತ್ತಾಯಿತು. ಮಗಳು ಕಣ್ಣು ಬಿಟ್ಟು ನೋಡುವ ವಯಸ್ಸಿನವಳು, ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿ, ನಾಲ್ಕು ಮಾತಾಡಿ. ಹಿಂದಿ ನಡೆಯುತ್ತದೆ.

ಮಿಲ್‌ಫೋಂತೆಶ್ ಬಿಟ್ಟು ಅಲ್ಜೆಝೂರ್‌ಗೆ ಹೋಗುವ ದಿನ ಒಳನಾಡಿನ ದಾರಿ ಹಿಡಿದರೆ ಕಾರ್ಕ್ ಓಕ್ ಮರಗಳು ಸಿಗುತ್ತವೆ. ಸೆರ್ಕಾಲ್ ಸುತ್ತ ಒಂದು ಕಡೆ ಇಳಿದು ಕಾಂಡವನ್ನು ಹತ್ತಿರದಿಂದ ನೋಡಿ. ಕೆಳಗಿನ ಭಾಗದ ತೊಗಟೆ ಸುಲಿದು ನಯವಾಗಿ ಕೆಂಪಗಿರುತ್ತದೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಒಂದು ಅಂಕಿ. 4 ಎಂದಿದ್ದರೆ 2024ರಲ್ಲಿ ಸುಲಿದದ್ದು, ಮುಂದಿನ ಸುಲಿತ ಒಂಬತ್ತು ವರ್ಷದ ನಂತರ, 2033ಕ್ಕೆ. ಅದಕ್ಕೆ ಮುಂಚೆ ಮುಟ್ಟುವಂತಿಲ್ಲ. ಗಿಡ ನೆಟ್ಟವರು ಮೊದಲ ಸುಲಿತಕ್ಕೇ ಸುಮಾರು 25 ವರ್ಷ ಕಾಯಬೇಕು. ನಮ್ಮ ಅಡಿಕೆ ತೋಟದವರೂ ಇಷ್ಟು ತಾಳ್ಮೆ ಇಟ್ಟುಕೊಳ್ಳಲಾರರು.

ಓದೆಸೇಯ್ಷ್ ತಲುಪಿದರೆ ಅಲೆಂತೇಜು ಮುಗಿದು ಅಲ್ಗಾರ್ವ್ ಶುರು. ಗಡಿಯಾದ ಸಣ್ಣ ಹೊಳೆ ಬೀಚನ್ನು ಬಳಸಿಕೊಂಡು ಕಡಲಿಗೆ ಬೀಳುತ್ತದೆ. ಒಂದು ಬದಿ ಹೊಳೆ, ಒಂದು ಬದಿ ಅಲೆ. ಮೇಲಿನ ಪಾರ್ಕಿಂಗ್‌ನಿಂದ ನೋಡಿದರೂ ಸಾಕು. ಅಲ್ಜೆಝೂರ್‌ನಲ್ಲಿ ಮನೆ ಹಿಡಿಯುವಾಗ ಕೋಟೆಯ ಕೆಳಗಿನ ಇಳಿಜಾರು ಓಣಿ ಬೇಡ, 1755ರ ಭೂಕಂಪದ ನಂತರ ಎದುರು ದಿಬ್ಬದಲ್ಲಿ ಬೆಳೆದ ಹೊಸ ಭಾಗದಲ್ಲಿ ನೋಡಿ. ಇಲ್ಲಿನ ಸಿಹಿಗೆಣಸು ದೇಶಕ್ಕೆಲ್ಲ ಹೆಸರುವಾಸಿ, ಭೌಗೋಳಿಕ ಗುರುತೂ ಸಿಕ್ಕಿದೆ. ಬೇಯಿಸಿಕೊಂಡು ತಿನ್ನಿ. ಬೀಚುಗಳ ಪೈಕಿ ಅಮ್ಮನಿಗೆ ಮೋಂತ್ ಕ್ಲೇರಿಗು: ಕಾರು ಮರಳಿನ ಹತ್ತಿರಕ್ಕೇ ಹೋಗುತ್ತದೆ. ಅರಿಫಾನಾ ನೋಡಲು ಬಲು ಸೊಗಸು, ಆದರೆ ಇಳಿದವರು ಅಷ್ಟೇ ಕಡಿದಾಗಿ ಹತ್ತಬೇಕು. ಅದನ್ನು ಮೇಲಿನಿಂದಲೇ ನೋಡಿ.

ಕರಪತೇಯ್ರಾ ಭೂಶಿರದ ಸುತ್ತ ಬೋರ್ದೇಯ್ರಾದಿಂದ ಅಮಾದುವರೆಗೆ ಕಡಲಂಚಿನಲ್ಲೇ ಒಂದು ದಾರಿಯಿದೆ, ಅಲ್ಲಲ್ಲಿ ಹಲಗೆಯ ವೀಕ್ಷಣಾ ಕಟ್ಟೆಗಳು. ಮಣ್ಣಿನ ರಸ್ತೆಗಳಲ್ಲಿ ಆದ ಹಾನಿಗೆ ಎಷ್ಟೋ ಬಾಡಿಗೆ ಕರಾರುಗಳಲ್ಲಿ ವಿಮೆ ಸಿಗುವುದಿಲ್ಲ, ಕರಾರು ಓದಿ ನಿರ್ಧರಿಸಿ. ಇಂಥ ಪಾರ್ಕಿಂಗ್‌ಗಳಲ್ಲಿ ಬ್ಯಾಗ್ ಸೀಟಿನ ಮೇಲೆ ಬಿಟ್ಟು ಹೋಗಬೇಡಿ. ಪಾಸ್‌ಪೋರ್ಟ್ ಸದಾ ಮೈಮೇಲೆ ಇರಲಿ.

ಸಾಗ್ರೆಶ್‌ಗೆ ಒಂದು ದಿನ ಧಾರಾಳ. ಕೋಟೆಯೊಳಗಿನ ದಾರಿ ಸಮತಟ್ಟು, ಗಾಳಿ ಮಾತ್ರ ನಿಂತವರನ್ನು ತಳ್ಳುತ್ತದೆ. ರಾಜಕುಮಾರ ಹೆನ್ರಿ ಇಲ್ಲಿ ನೌಕಾಯಾನದ ಶಾಲೆ ನಡೆಸುತ್ತಿದ್ದ ಎಂದು ಗೈಡುಗಳು ಹೇಳುತ್ತಾರೆ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ, ಅವನು 1460ರಲ್ಲಿ ಇಲ್ಲಿ ಸತ್ತದ್ದು ಮಾತ್ರ ನಿಜ. ಪಕ್ಕದ ಸಾಂವ್ ವಿಸೆಂತ್ ಭೂಶಿರ ಯುರೋಪ್ ಮುಖ್ಯ ನೆಲದ ನೈರುತ್ಯ ತುದಿ. ಸೂರ್ಯಾಸ್ತಕ್ಕೆ ಬಸ್ಸುಗಟ್ಟಲೆ ಜನ ಬರುತ್ತಾರೆ, ನೀವು ಬೆಳಿಗ್ಗೆ ಹೋಗಿ.

ಕೊನೆಯ ದಿನ ಸಾಗ್ರೆಶ್ ಅಥವಾ ಅಲ್ಜೆಝೂರ್‌ನಿಂದ ಎ 22, ಎ 2 ಹಿಡಿದರೆ ಲಿಸ್ಬನ್ ಸುಮಾರು 300 ಕಿಲೋಮೀಟರ್, ಮೂರು ಗಂಟೆಯ ದಾರಿ. ಬಾಡಿಗೆ ಕಾರಿಗೆ ಪೂರ್ತಿ ಟ್ಯಾಂಕ್ ತುಂಬಿಸಿ ಕೊಡಬೇಕಾದರೆ ಹೆದ್ದಾರಿಯ ಬಂಕ್ ದುಬಾರಿ, ಹೊರಡುವ ಊರಲ್ಲೇ ಬಹುಪಾಲು ತುಂಬಿಸಿಕೊಳ್ಳಿ. ತೇಜು ನದಿಗೆ ಎರಡು ಸೇತುವೆಗಳಿವೆ: 1966ರ ತೂಗುಸೇತುವೆ, 1998ರ ಉದ್ದನೆಯ ವಾಸ್ಕೋ ಡ ಗಾಮ ಸೇತುವೆ. ವಿಮಾನ ನಿಲ್ದಾಣಕ್ಕೆ ಎರಡನೆಯದೇ ಹತ್ತಿರ, ಪೇಟೆಯ ಟ್ರಾಫಿಕ್ಕೂ ತಪ್ಪುತ್ತದೆ. ಎರಡರಲ್ಲೂ ಟೋಲ್ ಇರುವುದು ಲಿಸ್ಬನ್ ಒಳಗೆ ಬರುವವರಿಗೆ ಮಾತ್ರ. ಹೋಗುವಾಗ ಯಾರೂ ಕೇಳಲಿಲ್ಲವಲ್ಲ ಎಂದು ಗಾಬರಿಯಾಗಬೇಡಿ.